ಹೊಸ ಮನೆಗೆ ಹಳೆಯ ಹಾಡು

ನಾವು ಕೆಲವು ಕನ್ನಡ ಕುಟುಂಬಗಳು ಹೈದರಾಬಾದಿನಲ್ಲಿ ಒಂದೆಡೆ ಸೇರಿದಾಗ, ಪ್ರಾರ್ಥನೆಗೆ ಏನು ಹಾಡಬೇಕೆಂಬ ಮಾತು ಬಂದರೆ ಯಾರಾದರೊಬ್ಬರು ‘ಕರುಣಾಳು ಬಾ ಬೆಳಕೆ’ ಎನ್ನದೆ ಇರುವುದಿಲ್ಲ. ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನಿಂದ ತಂದ ಈ ಗೀತೆ ಈಗ ಪೂರ್ತಿ ನಮ್ಮದೇ ಆಗಿಬಿಟ್ಟಿದೆ. ಮೂಲವನ್ನು ಬರೆದವರು ಜಾನ್ ಹೆನ್ರಿ ನ್ಯೂಮನ್ ಎಂಬುದು ಹಲವರಿಗೆ ಗೊತ್ತು. ಆದರೆ 1833ರಲ್ಲಿ, ಇಟಲಿಯಿಂದ ಊರಿಗೆ ಮರಳುವಾಗ ಹಡಗಿನಲ್ಲಿ ಅದನ್ನು ಬರೆದ ನ್ಯೂಮನ್ ಆಂಗ್ಲಿಕನ್ ಸಭೆಯ, ಅಂದರೆ ಇಂಗ್ಲೆಂಡಿನ ರಾಷ್ಟ್ರೀಯ ಸಭೆಯ ಪಾದ್ರಿಯಾಗಿದ್ದರು. 1845ರಲ್ಲಿ ಆ ಮನೆಯನ್ನು ಬಿಟ್ಟು ಕಥೋಲಿಕ ಸಭೆಯನ್ನು ಸೇರಿದರು ಎಂಬುದು ಅಷ್ಟಾಗಿ ನೆನಪಿರುವುದಿಲ್ಲ. ಮುಂದೆ ಅವರು 1879ರಲ್ಲಿ ಕಾರ್ಡಿನಲ್ ಆದರು, 2019ರಲ್ಲಿ ಸಂತರೆನಿಸಿದರು. ಆದರೂ ಜಗತ್ತು ಹಾಡುತ್ತಿರುವುದು ಅವರು ಹಳೆಯ ಮನೆಯಲ್ಲಿದ್ದಾಗ ಬರೆದ ಹಾಡನ್ನೇ.

ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವವರು ಏನನ್ನು ಜೊತೆಗೆ ಒಯ್ಯಬಹುದು, ಏನನ್ನು ಹೊಸ್ತಿಲಾಚೆ ಬಿಡಬೇಕು? ಊರು ಬಿಟ್ಟು ಬಂದಿರುವ ನಮಗೆ ಇದು ಪರರ ಪ್ರಶ್ನೆಯಲ್ಲ. ಆದರೆ ಅದು ನಮ್ಮ ಎದುರಿಗೆ ಬಂದದ್ದು ಬೇರೊಂದು ದಾರಿಯಿಂದ.

ನಮ್ಮ ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರು ದಕ್ಷಿಣ ಭಾರತ ಸಭೆಗೆ ಸೇರಿದ ಕನ್ನಡಿಗರು. ಅವರ ಮಗಳು ಸಿಕಂದರಾಬಾದಿನ ಒಂದು ಕಥೋಲಿಕ ಮನೆಗೆ ಸೊಸೆಯಾಗಿ ಹೋದಳು. ಒಂದೆರಡು ವರ್ಷಗಳ ನಂತರ, ಯಾರ ಒತ್ತಾಯವೂ ಇಲ್ಲದೆ, ತಾನೂ ಆ ಸಭೆಯನ್ನೇ ಸೇರುತ್ತೇನೆಂದಳು. ತಂದೆ ತಡೆಯಲಿಲ್ಲ. ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತ ನಮ್ಮೊಡನೆ ಇಷ್ಟೇ ಹೇಳಿದರು: “ಅವಳು ಹೋಗಲಿ. ಆದರೆ ಇಷ್ಟು ವರ್ಷ ಮನೆಯಲ್ಲಿ ಕೂತು ನಾವು ಮಾಡಿದ ಪ್ರಾರ್ಥನೆ ಲೆಕ್ಕಕ್ಕೇ ಇಲ್ಲವೆ?”

ನಾವು ದೇವತಾಶಾಸ್ತ್ರ ಬಲ್ಲವರಲ್ಲ, ಕಡತ ಬಲ್ಲವರು. ನಮಗೆ ಹೊಳೆದದ್ದು ವರ್ಗಾವಣೆಯ ನಿಯಮ. ಸ್ವಂತ ಕೋರಿಕೆಯ ಮೇಲೆ ಬೇರೆ ಘಟಕಕ್ಕೆ ಹೋದ ಗುಮಾಸ್ತ ಅಲ್ಲಿಯ ಹಿರಿತನದ ಪಟ್ಟಿಯಲ್ಲಿ ಕೊನೆಯವನಾಗುತ್ತಾನೆ. ಆದರೆ ಅವನ ಹಿಂದಿನ ಸೇವೆಯನ್ನು ಸೇವಾಪುಸ್ತಕದಿಂದ ಯಾರೂ ಹರಿದು ಹಾಕುವುದಿಲ್ಲ. ವಿಚಾರಿಸಿ ನೋಡಿದರೆ ಅಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ. ನೀರಿನಿಂದ, ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ಕೊಟ್ಟ ದೀಕ್ಷಾಸ್ನಾನವನ್ನು ಕಥೋಲಿಕ ಸಭೆ ಎರಡನೆಯ ಸಲ ಕೊಡುವುದಿಲ್ಲ, ಮೊದಲಿನದನ್ನೇ ಒಪ್ಪುತ್ತದೆ. ಯಾಜಕದೀಕ್ಷೆಯ ಮಾತು ಬೇರೆ. ಆಂಗ್ಲಿಕನ್ ಯಾಜಕದೀಕ್ಷೆ ಊರ್ಜಿತವಲ್ಲವೆಂದು 1896ರಲ್ಲಿ ಪೋಪ್ ಹದಿಮೂರನೆಯ ಲಿಯೋ ತೀರ್ಮಾನಿಸಿದರು. ಅದಕ್ಕೂ ಮೊದಲೇ, 1847ರಲ್ಲಿ, ನ್ಯೂಮನ್ ರೋಮಿನಲ್ಲಿ ಹೊಸದಾಗಿ ದೀಕ್ಷೆ ಪಡೆದಿದ್ದರು. ಸುಮಾರು ಇಪ್ಪತ್ತು ವರ್ಷ ಕಾಲ ವೇದಿಕೆಯ ಮುಂದೆ ನಿಂತವನು ಮತ್ತೆ ಮೊದಲ ಮೆಟ್ಟಿಲಿನಲ್ಲಿ ಮೊಣಕಾಲೂರುವುದು ಸುಲಭವಲ್ಲ.

ಈ ಕಷ್ಟವನ್ನು ಸ್ವಲ್ಪ ಹಗುರ ಮಾಡುವ ಏರ್ಪಾಡೊಂದು ನಮ್ಮ ಕಾಲದಲ್ಲಿ ಆಯಿತು. 2009ರ ನವೆಂಬರಿನಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು, ಗುಂಪಾಗಿ ಬರುವ ಆಂಗ್ಲಿಕನರು ತಮ್ಮ ಪೂಜಾಕ್ರಮ ಮತ್ತು ಸಂಪ್ರದಾಯಗಳ ಸಮೇತ ಕಥೋಲಿಕ ಸಭೆಯೊಳಗೆ ಬದುಕಬಹುದೆಂದು ವಿಧಿಸಿದರು. ಅದರಂತೆ 2011ರಲ್ಲಿ ಇಂಗ್ಲೆಂಡಿನಲ್ಲಿ, 2012ರಲ್ಲಿ ಉತ್ತರ ಅಮೆರಿಕ ಮತ್ತು ಆಸ್ಟ್ರೇಲಿಯಗಳಲ್ಲಿ ಅವರಿಗೆಂದೇ ವಿಶೇಷ ಆಡಳಿತಗಳು ಏರ್ಪಟ್ಟವು. ಪಾದ್ರಿಗಳು ಹೊಸ ದೀಕ್ಷೆ ಪಡೆಯಲೇಬೇಕು. ಆದರೆ ವಿವಾಹಿತರಾದವರೂ ಅನುಮತಿ ಪಡೆದು ಗುರುಗಳಾಗಬಹುದು. 2015ರಲ್ಲಿ ಅವರ ಪೂಜಾಗ್ರಂಥವೂ ಬಳಕೆಗೆ ಬಂತು.

ಆ ಗ್ರಂಥದಲ್ಲಿ ಒಂದು ಸೋಜಿಗವಿದೆ. ಆಂಗ್ಲಿಕನರ 1549ರ ಪ್ರಾರ್ಥನಾ ಪುಸ್ತಕವನ್ನು ರೂಪಿಸಿದವರು ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್. ಕಥೋಲಿಕಳಾದ ಮೇರಿ ರಾಣಿಯ ಆಳ್ವಿಕೆಯಲ್ಲಿ, 1556ರಲ್ಲಿ, ಅವರನ್ನು ಧರ್ಮದ್ರೋಹಿಯೆಂದು ಆಕ್ಸ್‌ಫರ್ಡಿನಲ್ಲಿ ಜೀವಂತ ಸುಟ್ಟರು. ಅದೇ ಕ್ರಾನ್ಮರರ ಲೇಖನಿಯಿಂದ ಬಂದ ಪ್ರಾರ್ಥನೆಗಳನ್ನು ಇಂದು ಈ ಸಮುದಾಯಗಳ ಕಥೋಲಿಕ ಗುರುಗಳು ಬಲಿಪೀಠದ ಮುಂದೆ ನಿಂತು ಹೇಳುತ್ತಾರೆ. ಬರೆದವನನ್ನು ಸುಟ್ಟ ಮನೆ ಅವನ ಮಾತನ್ನು ಪ್ರಾರ್ಥನೆಯಾಗಿ ಸ್ವೀಕರಿಸಲು ನಾಲ್ಕೂವರೆ ಶತಮಾನ ಹಿಡಿಯಿತು. ತಡವಾಯಿತು, ನಿಜ, ಆದರೆ ಆಯಿತು.

ನಮ್ಮ ದೇಶಕ್ಕೆ ಇಂತಹ ಕೂಡಿಕೆ ಹೊಸದಲ್ಲ. ಕೇರಳದಲ್ಲಿ 1930ರಲ್ಲಿ ಮಾರ್ ಇವಾನಿಯೋಸ್ ಮತ್ತು ಅವರ ಸಂಗಡಿಗರು ತಮ್ಮ ಸಿರಿಯನ್ ಪೂಜಾಕ್ರಮವನ್ನು ಬಿಡದೆಯೇ ರೋಮಿನ ಸಭೆಯೊಡನೆ ಒಂದಾದರು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಇನ್ನೊಂದು ದಾರಿ ಹಿಡಿದರು. ಆಂಗ್ಲಿಕನರು, ಮೆಥಡಿಸ್ಟರು, ಮೊದಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳವರು ಕೂಡಿದರು. ಹಳಬರಾದ ಯಾವ ಪಾದ್ರಿಗೂ ಮತ್ತೆ ದೀಕ್ಷೆ ಬೇಡ, ಇನ್ನು ಮುಂದಿನ ದೀಕ್ಷೆಗಳೆಲ್ಲ ಬಿಷಪ್ಪರ ಕೈಯಿಂದ ಎಂದು ಗೊತ್ತುಮಾಡಿದರು. ಇದು ಎಲ್ಲರ ಹಿರಿತನವನ್ನೂ ಉಳಿಸಿದ ವಿಲೀನ. ಅದಕ್ಕೂ ಬೆಲೆ ತೆರಬೇಕಾಯಿತು: ಇಂಗ್ಲೆಂಡಿನ ತಾಯಿಸಭೆ ಪೂರ್ಣ ಸಂಬಂಧಕ್ಕೆ ಬಹುಕಾಲ ಹಿಂಜರಿಯಿತು, ಇತ್ತ ನಂದ್ಯಾಲದ ಅನೇಕ ಆಂಗ್ಲಿಕನರು ಮೊದಲಿಗೆ ಹೊರಗೇ ಉಳಿದರು. ಯಾರಿಗೂ ನೋವಾಗದಂತೆ ಮನೆ ಕೂಡಿಸುವ ಉಪಾಯ ಇನ್ನೂ ಯಾರಿಗೂ ತಿಳಿದಂತಿಲ್ಲ.

ಆದುದರಿಂದ ನೋವಾಯಿತೆ ಎಂದು ಕೇಳುವುದಕ್ಕಿಂತ, ನೋವಿನಲ್ಲಿ ನಡೆದುಕೊಂಡ ಬಗೆ ಯಾವುದು ಎಂದು ಕೇಳುವುದು ಲೇಸು. ಬಂದವರಿಗೆ ಎರಡು ತಪ್ಪುಗಳು ಕಾದಿರುತ್ತವೆ. ತಂದ ಪರಂಪರೆಯನ್ನೇ ಗೋಡೆಯಾಗಿ ಕಟ್ಟಿಕೊಂಡು, ‘ನಮ್ಮ ಭಾಷೆಯ ಸೊಗಸೇನು, ನಮ್ಮ ಸಂಗೀತವೇನು, ಇವರದೇನು’ ಎಂದು ಒಳಗಿದ್ದೂ ಹೊರಗಿನವರಾಗಿ ಉಳಿಯುವುದು ಒಂದು. ಹೊಸ ಮನೆಯವರ ಮೆಚ್ಚುಗೆಗಾಗಿ ಹಳೆಯ ಮನೆಯನ್ನು ಹಳಿಯುವುದು ಇನ್ನೊಂದು. ತೆಲುಗು ನೆರೆಯವರ ಮುಂದೆ ನಾವು ಮೊದಲನೆಯದನ್ನು ಮಾಡಿದ್ದೇವೆ. ನಮ್ಮ ಮಕ್ಕಳು ಕೆಲವೊಮ್ಮೆ ಎರಡನೆಯದನ್ನು ಮಾಡುತ್ತಾರೆ.

ನ್ಯೂಮನ್ ಎರಡನ್ನೂ ಮಾಡಲಿಲ್ಲ. 1843ರಲ್ಲಿ ಲಿಟ್ಲ್‌ಮೋರಿನ ಚಿಕ್ಕ ದೇವಾಲಯದಲ್ಲಿ ಅವರು ಮಾಡಿದ ಕೊನೆಯ ಆಂಗ್ಲಿಕನ್ ಪ್ರವಚನದ ವಿಷಯ ಗೆಳೆಯರ ಅಗಲಿಕೆ. ಅಗಲಿದ್ದು ನಿಜ, ಅದನ್ನು ಮುಚ್ಚಿಡಲಿಲ್ಲ. ಆಂಗ್ಲಿಕನರಾಗಿದ್ದಾಗ ತಾವು ಬರೆದ ವಾದಗ್ರಂಥಗಳನ್ನು 1877ರಲ್ಲಿ ಅವರೇ ಮರುಮುದ್ರಿಸಿದರು. ಸುಟ್ಟು ಹಾಕಲಿಲ್ಲ, ಗುಟ್ಟಾಗಿ ತಿದ್ದಲಿಲ್ಲ. ಹೊಸ ಮುನ್ನುಡಿ ಬರೆದು, ಈಗ ತಪ್ಪೆಂದು ಕಂಡಲ್ಲಿ ಟಿಪ್ಪಣಿ ಸೇರಿಸಿದರು. ಹಳೆಯ ನಮೂದಿನ ಮೇಲೆ ಬಿಳಿ ಬಣ್ಣ ಬಳಿಯಬಾರದು, ಪಕ್ಕದಲ್ಲಿ ತಿದ್ದುಪಡಿ ಬರೆದು ಸಹಿ ಹಾಕಬೇಕೆಂದು ನಮ್ಮ ಕಚೇರಿಯಲ್ಲಿಯೂ ಹೇಳಿಕೊಡುತ್ತಾರೆ. ಲೆಕ್ಕದ ಪುಸ್ತಕಕ್ಕೆ ಇರುವ ಪ್ರಾಮಾಣಿಕತೆ ಬಾಳಿನ ಪುಸ್ತಕಕ್ಕೂ ಬೇಡವೆ?

ಬರಮಾಡಿಕೊಳ್ಳುವವರಿಗೂ ಒಂದು ಋಣವಿದೆ. ತಮ್ಮ ಮನೆಯ ನಿಯಮವನ್ನು ಅವರು ಹೇಳಬಹುದು. ಆದರೆ ಬಂದವನ ಹಿಂದಿನ ಬಾಳೆಲ್ಲ ಸೊನ್ನೆಯೆಂದು ಅವನ ಬಾಯಿಂದಲೇ ಹೇಳಿಸಬಾರದು. ಬೆನೆಡಿಕ್ಟರ ವಿಧಿ ಆಂಗ್ಲಿಕನ್ ಪರಂಪರೆಯನ್ನು ಬಂದವರ ಪಾಲಿಗೆ ಮಾತ್ರವಲ್ಲ, ಎಲ್ಲರೊಡನೆ ಹಂಚಿಕೊಳ್ಳಬೇಕಾದ ನಿಧಿಯೆಂದೂ ಎಣಿಸಿತು. ಹಂಚಿಕೊಳ್ಳುವುದು ಎಂದಾಗ ತಂದವನ ಗರ್ವಕ್ಕೂ ಪಡೆದವನ ತಾತ್ಸಾರಕ್ಕೂ ಎಡೆಯಿಲ್ಲ. ತವರಿನ ಉಪ್ಪಿನಕಾಯಿಯನ್ನು ಸೊಸೆ ತನ್ನ ಕೋಣೆಯಲ್ಲಿ ಬಚ್ಚಿಟ್ಟರೆ ಅದು ಜಗಳದ ಮೂಲ. ಊಟದ ನಡುವೆ ತಂದಿಟ್ಟರೆ ಮನೆಯ ರುಚಿ.

ಆ ಹುಡುಗಿಗೆ ಮತ್ತೆ ದೀಕ್ಷಾಸ್ನಾನ ಕೊಡಲಿಲ್ಲ. “ನಿಮ್ಮ ಸಭೆಯಲ್ಲಿ ಆದದ್ದು ಆದದ್ದೇ” ಎಂದು ಅಲ್ಲಿಯ ಗುರುಗಳು ತಂದೆಗೆ ಹೇಳಿದರಂತೆ. ಅದನ್ನು ನಮಗೆ ತಿಳಿಸುವಾಗ ಅವರ ದನಿ ಹಗುರವಾಗಿತ್ತು. ಎಲ್ಲ ಸಮಾಧಾನವಾಯಿತೆಂದಲ್ಲ, ಭಾನುವಾರ ಬೆಳಿಗ್ಗೆ ತಮ್ಮ ದೇವಾಲಯದ ಬೆಂಚಿನಲ್ಲಿ ಪಕ್ಕದ ಜಾಗ ಖಾಲಿಯಿರುವುದು ಕಣ್ಣಿಗೆ ಬೀಳುತ್ತದೆ ಎಂದೂ ಅಂದರು. ಆದರೆ ಸಂಜೆಯ ಪ್ರಾರ್ಥನೆಗೆ ಮಗಳು ತವರಿನ ಕನ್ನಡ ಕೀರ್ತನೆಯೊಂದನ್ನು ಹೇಳುತ್ತಾಳಂತೆ; ತೆಲುಗಿನ ಅತ್ತೆ ಪಲ್ಲವಿಯನ್ನು ಕಲಿತು ದನಿಗೂಡಿಸುತ್ತಾರಂತೆ. ಉಚ್ಚಾರಣೆ ಸ್ವಲ್ಪ ತಪ್ಪುತ್ತದೆ. ಮಗಳು ತಿದ್ದುವುದಿಲ್ಲವಂತೆ.