ಪ್ರಶ್ನೆಯ ಋಣ

ವಯನಾಡಿನ ಬೆಟ್ಟಗಳಲ್ಲಿ ಮಳೆ ಹೊಯ್ದರೆ ನಂಜನಗೂಡಿನಲ್ಲಿ ಮನೆ ಬಿಡಬೇಕಾಗುವುದು. ಆ ಬೆಟ್ಟಗಳಲ್ಲಿ ಹುಟ್ಟಿದ ಕಪಿಲೆಯು ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಅಣೆಕಟ್ಟನ್ನು ದಾಟಿ, ಶ್ರೀಕಂಠೇಶ್ವರನ ಸನ್ನಿಧಿಯ ಮಗ್ಗುಲಲ್ಲಿ ಹರಿದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವಳಷ್ಟೆ. 2018, 2019 ಮತ್ತು 2024ನೆಯ ಇಸವಿಗಳ ಮಳೆಗಾಲಗಳಲ್ಲಿ ಅಣೆಕಟ್ಟಿನಿಂದ ಹೊರಬಿಟ್ಟ ನೀರು ನಂಜನಗೂಡಿನ ಸ್ನಾನಘಟ್ಟವನ್ನೂ ಹದಿನಾರು ಕಾಲಿನ ಮಂಟಪವನ್ನೂ ಮುಳುಗಿಸಿ, ತಗ್ಗಿನ ಬೀದಿಗಳ ಮನೆಗಳೊಳಕ್ಕೆ ನುಗ್ಗಿತು. ಹೊಳೆಯ ದಡದ ಜನರು ಪಾತ್ರೆಪಡಗಗಳನ್ನು ಅಟ್ಟಕ್ಕೇರಿಸಿ, ಮಕ್ಕಳನ್ನೂ ಮುದುಕರನ್ನೂ ಕರೆದುಕೊಂಡು ಗಂಜಿಕೇಂದ್ರಗಳಿಗೆ ನಡೆದರು.

ನೀರು ಇಳಿದ ಮೇಲೆ ಲೆಕ್ಕ ಮೊದಲಾಗುವುದು. ಕಂದಾಯ ಇಲಾಖೆಯವರು ಬಂದು ಬಿದ್ದ ಗೋಡೆಯನ್ನು ನೋಡಿ ಮಹಜರು ಬರೆಯುವರು. 2019ರಲ್ಲಿ ರಾಜ್ಯ ಸರ್ಕಾರವು ಪ್ರವಾಹಕ್ಕೆ ಸಿಕ್ಕಿದ ಕುಟುಂಬಗಳಿಗೆ ತತ್ಕಾಲದ ಪರಿಹಾರವಾಗಿ 10,000 ರೂಪಾಯಿಗಳನ್ನೂ, ಪೂರ್ಣವಾಗಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಗಳನ್ನೂ ಘೋಷಿಸಿತು. ಈ ಲೆಕ್ಕವು ಅತ್ಯವಶ್ಯಕವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದು ಒಂದು ದಿನದ ಲೆಕ್ಕ. ಅದರಲ್ಲಿಯೂ ಗೋಡೆಯ ಲೆಕ್ಕ. ಗೋಡೆಯೊಳಗೆ ಬದುಕುತ್ತಿದ್ದವರು ಮುಂದೆ ಏನಾದರೆಂಬುದು ಮಹಜರಿನಲ್ಲಿ ಬಾರದು.

ಆದುದರಿಂದಲೇ, ವಿಪತ್ತಿಗೆ ಸಿಕ್ಕಿ ನೆಲೆ ತಪ್ಪಿದ ಕುಟುಂಬಗಳನ್ನು ಒಂದು ಸಲ ವಿಚಾರಿಸಿದರೆ ಸಾಲದು, ಅವೇ ಕುಟುಂಬಗಳನ್ನು ವರ್ಷಾಂತರಗಳಲ್ಲಿ ಮತ್ತೆ ಮತ್ತೆ ಕಂಡು ವಿಚಾರಿಸಬೇಕೆಂದು ಸಮಾಜಶಾಸ್ತ್ರಜ್ಞರು ಹೇಳುವರು. ಇದಕ್ಕೆ ಪ್ರಸಿದ್ಧವಾದ ನಿದರ್ಶನವು ಅಮೆರಿಕದೇಶದಲ್ಲಿರುವುದು. 2005ನೆಯ ಇಸವಿ ಆಗಸ್ಟ್ ತಿಂಗಳಿನಲ್ಲಿ ಕತ್ರಿನಾ ಎಂಬ ಚಂಡಮಾರುತವು ನ್ಯೂ ಆರ್ಲಿಯನ್ಸ್ ನಗರವನ್ನು ನೀರಿನಲ್ಲಿ ಮುಳುಗಿಸಿತು. ಅದಕ್ಕೆ ಮೊದಲೇ, ಬೇರೊಂದು ಉದ್ದೇಶದಿಂದ, ಅಲ್ಲಿನ ಕಾಲೇಜುಗಳಲ್ಲಿ ಓದುತ್ತಿದ್ದ ಸಾವಿರಕ್ಕೂ ಮಿಕ್ಕ ಬಡ ತಂದೆತಾಯಿಯರ ಸ್ಥಿತಿಗತಿಗಳನ್ನು ವಿದ್ವಾಂಸರು ಬರೆದುಕೊಂಡಿದ್ದರು. ಅವರಲ್ಲಿ ಬಹುಮಂದಿ ಒಂಟಿಯಾಗಿ ಮಕ್ಕಳನ್ನು ಸಾಕುತ್ತಿದ್ದ ತಾಯಂದಿರು. ಬಿರುಗಾಳಿಯು ಅವರನ್ನು ದಿಕ್ಕುದಿಕ್ಕಿಗೆ ಚದರಿಸಿದ ಮೇಲೆ ವಿದ್ವಾಂಸರು ಅವರನ್ನು ಹುಡುಕಿ, ಹತ್ತು ವರ್ಷಗಳಿಗೂ ಹೆಚ್ಚು ಕಾಲ ಬಿಟ್ಟು ಬಿಟ್ಟು ವಿಚಾರಿಸುತ್ತ ಬಂದರು. ನಾಲ್ಕು ವರ್ಷಗಳು ಕಳೆದ ಮೇಲೂ ಒಟ್ಟಾರೆಯಾಗಿ ಅವರ ಮನಸ್ಸಿನ ಸ್ವಾಸ್ಥ್ಯವು ಮೊದಲಿನ ಮಟ್ಟಕ್ಕೆ ಹಿಂತಿರುಗಿರಲಿಲ್ಲವೆಂದು ಗೊತ್ತಾಯಿತು. ಬೀದಿಯ ನೀರು ವಾರಗಳಲ್ಲಿ ಇಳಿಯಿತು. ಮನಸ್ಸಿನ ನೀರು ಇಳಿಯಲಿಲ್ಲ.

ಇಲ್ಲಿ ಒಂದು ಧರ್ಮಸೂಕ್ಷ್ಮವು ಏಳುವುದು. ದುಃಖಿತನ ಬಾಗಿಲಿಗೆ ಹೋಗಿ ಅವನ ದುಃಖವನ್ನು ವಿಚಾರಿಸಿ ಬರೆದುಕೊಳ್ಳುವುದು ಯುಕ್ತವೆ? ಒಂದು ಸಲವಲ್ಲ, ಹಲವು ಸಲ?

ಪೂರ್ವಪಕ್ಷದವರು ಹೇಳುವುದೇನೆಂದರೆ: ಗಾಯವು ಮಾಯುತ್ತಿರುವಾಗ ಕಟ್ಟು ಬಿಚ್ಚಿ ನೋಡುವುದು ದಯೆಯಲ್ಲ. ಹಸಿದವನಿಗೆ ಅನ್ನ ಬೇಕು, ಪ್ರಶ್ನೆ ಬೇಡ. ಕೇಳಿದವನಿಗೆ ಗ್ರಂಥವಾಗುವುದು, ಪದವಿಯಾಗುವುದು. ಹೇಳಿದವನಿಗೆ ಕಣ್ಣೀರು ಮಾತ್ರ ಉಳಿಯುವುದು. ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಲಾಗದು.

ಆದರೆ ಕೇಳದೆ ಇದ್ದರೆ ಆಗುವುದೇನೆಂಬುದನ್ನೂ ನೋಡತಕ್ಕುದು. ಹೊಳೆಯ ಅಂಚಿನ ಒಂದು ಬಾಡಿಗೆಯ ಮನೆಯನ್ನು ವಾಚಕರು ಭಾವಿಸಿಕೊಳ್ಳಬಹುದು. ಮನೆ ಬಿದ್ದರೆ ಪರಿಹಾರವು ಹಕ್ಕುಪತ್ರವುಳ್ಳ ಒಡೆಯನಿಗೆ ಸಲ್ಲುವುದು. ಬಾಡಿಗೆಯವನು ಗಂಟು ಕಟ್ಟಿಕೊಂಡು ಬೇರೆ ಊರಿಗೆ ಹೋಗುವನು. ಅಲ್ಲಿ ಕೂಲಿ ಸಿಕ್ಕೀತು. ಆದರೆ ಹಳೆಯ ಬೀದಿಯಲ್ಲಿ ಕೈಸಾಲ ಕೊಡುತ್ತಿದ್ದ ನೆರೆಯವರು ಸಿಕ್ಕರು. ಹುಡುಗಿಯ ಶಾಲೆ ದೂರವಾಗುವುದು. ಎರಡನೆಯ ವರ್ಷ ಅವಳು ಶಾಲೆ ಬಿಡುವಳು. ಮೂರನೆಯ ವರ್ಷ ಮುದುಕಿಯ ಔಷಧಕ್ಕೆ ಓಲೆಯೂ ಹೋಗುವುದು. ಇವು ಯಾವುವೂ ನೀರು ಇಳಿದ ವಾರದಲ್ಲಿ ನಡೆಯತಕ್ಕುವುಗಳಲ್ಲ. ತಡವಾಗಿ ಬರುವ ಈ ನಷ್ಟವನ್ನು ತಡವಾಗಿ ಮತ್ತೆ ಬಂದು ಕೇಳುವವನೇ ಕಾಣಬಲ್ಲನು. ಕೇಳುವವರಿಲ್ಲದಿದ್ದರೆ, ಪರಿಹಾರ ಮುಗಿಯಿತೆಂದು ಕಡತವು ಮುಚ್ಚಿಹೋಗುವುದು.

ಹಾಗಾದುದರಿಂದ ಕೇಳುವುದು ಅಧರ್ಮವಲ್ಲ. ಕೇಳುವ ಬಗೆಯಲ್ಲಿ ಧರ್ಮಾಧರ್ಮಗಳಿರುವುವು. ಇದಕ್ಕೆ ನರಸೀಪುರದ ಸೀಮೆಯಲ್ಲಿಯೇ ಒಂದು ಪಾಠವುಂಟು. 1948ರಲ್ಲಿ ಎಂ. ಎನ್. ಶ್ರೀನಿವಾಸರು ಆ ತಾಲ್ಲೂಕಿನ ಕೊಡಗಹಳ್ಳಿಯಲ್ಲಿ ತಿಂಗಳುಗಟ್ಟಲೆ ನೆಲೆಸಿ ಹಳ್ಳಿಗರ ಬಾಳನ್ನು ವಿಚಾರಿಸಿದರು. 1952ರಲ್ಲಿ ಮರಳಿ ಹೋದರು. ಆ ಹಳ್ಳಿಯದು ನೆರೆಹಾವಳಿಯ ಕಥೆಯಲ್ಲ. ಆದರೂ ಕೇಳುವವನ ಕರ್ತವ್ಯವು ಒಂದೇ. ಬರೆಯುವಾಗ ಅವರು ಊರಿನ ನಿಜನಾಮವನ್ನು ಮರೆಮಾಡಿ ರಾಂಪುರವೆಂದು ಕರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ ಬಿದ್ದು, ಅವರು ವರ್ಷಗಟ್ಟಲೆ ಶ್ರಮಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದುವು. ನೆನಪನ್ನೇ ಆಶ್ರಯಿಸಿ ಅವರು ಬರೆದ ಗ್ರಂಥವು 1976ರಲ್ಲಿ ಹೊರಬಂದಿತು. ಹಳ್ಳಿಗರನ್ನು ಪಟ್ಟಿಯ ಸಾಲುಗಳಾಗಿ ಮಾತ್ರ ಕಂಡಿದ್ದರೆ ಕಾಗದದೊಡನೆ ಅವರೂ ಬೂದಿಯಾಗುತ್ತಿದ್ದರು; ಮನುಷ್ಯರಾಗಿ ಕಂಡುದರಿಂದ ಉಳಿದರು.

ಇನ್ನು ಹಳೆಯ ಪಾಠವೊಂದು ಭಾರತದ ವನಪರ್ವದಲ್ಲಿರುವುದು. ಯಕ್ಷನು ಪ್ರಶ್ನೆ ಮಾಡಿದುದು ಸುಖದಲ್ಲಿದ್ದವನನ್ನಲ್ಲ. ನಾಲ್ವರು ತಮ್ಮಂದಿರ ಶರೀರಗಳು ಕೊಳದ ದಡದಲ್ಲಿ ಬಿದ್ದಿರಲಾಗಿ ನಿಂತಿದ್ದ ಧರ್ಮರಾಯನನ್ನು. ಅವನು ದುಃಖವನ್ನು ನುಂಗಿ ಉತ್ತರ ಕೊಟ್ಟನು. ಒಬ್ಬನನ್ನು ಬದುಕಿಸುವೆನೆಂದಾಗ ತನ್ನ ಒಡಹುಟ್ಟಿದವರನ್ನು ಬಿಟ್ಟು, ಇನ್ನೊಬ್ಬ ತಾಯಿಯ ಮಗನಾದ ನಕುಲನನ್ನು ಬೇಡಿದನು. ಆಗ ಯಕ್ಷನು ನಾಲ್ವರನ್ನೂ ಬದುಕಿಸಿದನು. ಧರ್ಮರಾಯನ ಉತ್ತರಗಳನ್ನು ಜನರು ಹೊಗಳುವರು. ಉತ್ತರವನ್ನು ಪಡೆದವನು ಬರಿಗೈಯಲ್ಲಿ ಕಳುಹಿಸಲಿಲ್ಲವೆಂಬುದನ್ನು ಅಷ್ಟಾಗಿ ಗಮನಿಸರು. ದುಃಖಿತನಿಂದ ಉತ್ತರವನ್ನು ಪಡೆದುದು ಋಣ. ಯಕ್ಷನು ಅದನ್ನು ತೀರಿಸಿದನು.

ಪುಸ್ತಕ ಹಿಡಿದು ಬರುವ ವಿಚಾರಕನು ಯಕ್ಷನಲ್ಲ. ಬಿದ್ದ ಮನೆಯನ್ನು ಎತ್ತಿ ನಿಲ್ಲಿಸುವ ಶಕ್ತಿ ಅವನಿಗಿಲ್ಲ. ಆ ಮಾತನ್ನು ಅವನು ಮೊದಲೇ ಬಾಗಿಲಲ್ಲಿ ನಿಂತು ಹೇಳಿಬಿಡಬೇಕು. ಪರಿಹಾರದ ಆಸೆ ತೋರಿಸಿ ಮಾತಾಡಿಸುವುದು ವಂಚನೆ. ಹೇಳಲು ಇಷ್ಟವಿಲ್ಲದವರ ಮೌನವನ್ನೂ ಉತ್ತರವೆಂದು ಗೌರವಿಸಿ ಹಿಂತಿರುಗಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕಂಡುಕೊಂಡುದನ್ನು ಹೊಸ ಬಡಾವಣೆ ಎಲ್ಲಿಯಾಗಬೇಕು, ಯಾರಿಗೆ ಮನೆ ಸಲ್ಲಬೇಕು ಎಂದು ನಿಶ್ಚಯಿಸುವ ಅಧಿಕಾರಿಗಳ ಮುಂದೆ ಇಡಬೇಕು. ಅದನ್ನೇ ತಿಳಿಗನ್ನಡದಲ್ಲಿ, ಹೇಳಿದವರ ಜಗುಲಿಗೂ ತಂದು ಓದಬೇಕು. ಇಷ್ಟನ್ನು ಮಾಡದವನು ಎಷ್ಟು ವರ್ಷ ಬಂದರೂ ಸಾಲದ ಮೇಲೆ ಸಾಲ ಮಾಡುವವನೇ ಹೊರತು ತೀರಿಸುವವನಲ್ಲ.

ಐದು ವರ್ಷಗಳ ಮೇಲೆ ಅದೇ ಮನೆಗೆ ಅವನು ಮತ್ತೆ ಬಂದಾಗ, ಗೋಡೆಯ ಮೇಲೆ ನೀರು ನಿಂತ ಕಲೆಯ ಪಕ್ಕದಲ್ಲಿ ಕುಳಿತ ಮುದುಕಿಯು, ಅವನು ಬಾಯಿ ತೆರೆಯುವ ಮೊದಲೇ, “ಹೋದ ಸಲ ಬರಕೊಂಡು ಹೋದ್ರಲ್ಲ ಸ್ವಾಮಿ, ಅದೇನಾಯ್ತು?” ಎಂದು ಕೇಳಬಹುದು. ಅವನು ಕೇಳಲು ತಂದಿರುವ ನೂರು ಪ್ರಶ್ನೆಗಳಿಗಿಂತ ಈ ಒಂದಕ್ಕೆ ಮೊದಲು ಉತ್ತರ ಸಲ್ಲತಕ್ಕುದು.