ಸೊಳ್ಳೆ ಪರದೆಯ ನ್ಯಾಯ

ಹರ್ನಿಯಾ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯ ಗೋಡೆ ಸಡಿಲಾದ ಜಾಗಕ್ಕೆ ಪ್ಲಾಸ್ಟಿಕ್ಕಿನ ಸಣ್ಣ ಬಲೆಯೊಂದನ್ನು ಇಟ್ಟು ಹೊಲಿಯುವುದು ಇಂದಿನ ರೂಢಿ. ಇದಕ್ಕೆ ಮೆಶ್ ಎನ್ನುತ್ತಾರೆ. ಕಂಪನಿಗಳ ಮೆಶ್ ದುಬಾರಿ ಎಂದು ನಮ್ಮದೇ ಮಹಾರಾಷ್ಟ್ರದ ಧುಳೆ ಜಿಲ್ಲೆಯ ಸರ್ಜನ್ ಡಾ. ರವೀಂದ್ರನಾಥ ಟೋಂಗಾವ್ಕರ್ ಸೊಳ್ಳೆ ಪರದೆಯ ಬಟ್ಟೆಯನ್ನೇ ಕತ್ತರಿಸಿ, ಕ್ರಿಮಿರಹಿತವಾಗಿಸಿ ಬಳಸಿದರು. ಬೇರೆ ಊರುಗಳ ಸರ್ಜನ್‌ಗಳ ಜೊತೆ ಸೇರಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು.

ಕೇಳಿದೊಡನೆ ಮನಸ್ಸು ಮುದುಡುತ್ತದೆ. ಉಳ್ಳವನಿಗೆ ಕಂಪನಿ ಮಾಲು, ಬಡವನಿಗೆ ಸೊಳ್ಳೆ ಪರದೆಯೇ?

ಕುರ್ಲಾ ಟರ್ಮಿನಸ್ಸಿನಲ್ಲಿ ಊರಿನ ರೈಲು ಹಿಡಿಯುವಾಗ ನಮ್ಮ ಮೂಟೆ ಹೊರುವ ಹಮಾಲನ ಕಡೆಯಿಂದ ನೋಡಿ. ತೊಡೆಸಂದಿನಲ್ಲಿ ಉಬ್ಬು ಕಾಣಿಸಿದರೂ ಖರ್ಚಿಗೆ ಹೆದರಿ ಆಪರೇಷನ್ ಮುಂದೂಡಿದರೆ, ಒಂದು ದಿನ ಕರುಳು ಸಿಕ್ಕಿಕೊಂಡು ಜೀವಕ್ಕೇ ಕುತ್ತು ಬರಬಹುದು. ಅವನ ಮುಂದಿರುವ ಆಯ್ಕೆ ದುಬಾರಿ ಬಲೆಯೋ ಅಗ್ಗದ ಬಲೆಯೋ ಎಂಬುದಲ್ಲ. ಚಿಕಿತ್ಸೆಯೋ ಕಾಯುವಿಕೆಯೋ ಎಂಬುದು.

ಹಾಗೆಂದು 'ಏನೂ ಇಲ್ಲದ್ದಕ್ಕಿಂತ ಇದು ವಾಸಿ' ಎಂದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ, ದಾನ. ದಾನಕ್ಕೆ ಪರೀಕ್ಷೆ ಬೇಡ, ನ್ಯಾಯಕ್ಕೆ ಬೇಕು. 2016ರಲ್ಲಿ ಪ್ರಕಟವಾದ ಉಗಾಂಡಾದ ಅಧ್ಯಯನ ಆ ಪರೀಕ್ಷೆ ಮಾಡಿತು. 302 ಗಂಡಸರಲ್ಲಿ ಯಾರಿಗೆ ಯಾವ ಬಲೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. ವರ್ಷದ ನಂತರ ಅಗ್ಗದ ಬಲೆಯವರಲ್ಲಿ ಒಬ್ಬರಿಗೆ ಮಾತ್ರ ಹರ್ನಿಯಾ ಮರುಕಳಿಸಿತ್ತು, ಕಂಪನಿ ಬಲೆಯವರಲ್ಲಿ ಯಾರಿಗೂ ಇಲ್ಲ. ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸವೇನೂ ಅದಲ್ಲ. ಬೆಲೆಯ ಅಂತರ ಮಾತ್ರ ನೂರು ಪಟ್ಟಿಗೂ ಹೆಚ್ಚು: ಒಂದು ಸುಮಾರು 1 ಡಾಲರ್, ಇನ್ನೊಂದು ಸುಮಾರು 125.

ಕಂಪನಿಯ ಬೆಲೆಯಲ್ಲಿ ಹೊಣೆಗಾರಿಕೆಯೂ ಸೇರಿದೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಎಲ್ಲ ಪರದೆ ಬಟ್ಟೆಯೂ ಒಂದೇ ಅಲ್ಲ. ಅಂಗಡಿಯಿಂದ ತಂದದ್ದನ್ನೆಲ್ಲ ಹೊಟ್ಟೆಯೊಳಗೆ ಇಡಲಾಗದು. ಯಾವ ನೂಲು, ಹೇಗೆ ಶುದ್ಧೀಕರಿಸಿದ್ದು, ತೊಂದರೆಯಾದರೆ ಉತ್ತರಿಸುವವರು ಯಾರು ಎಂಬುದನ್ನು ರೋಗಿಗೆ ಅವನ ಭಾಷೆಯಲ್ಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಬೆಲೆ ಇಳಿಯಲಿ, ಈ ಎಚ್ಚರ ಇಳಿಯಬಾರದು.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ಅದು ನಮ್ಮಂಥ ಆರೋಗ್ಯ ವಿಮೆಯುಳ್ಳವರಿಗೆ. ಅಗ್ಗದ ಬಲೆ ಅಷ್ಟೇ ಒಳ್ಳೆಯದಾದರೆ ಅದು ನಮಗೂ ಸಲ್ಲಬೇಕು. 'ಅವರಿಗೆ ಸಾಕು, ನನಗೆ ಬೇಡ' ಎನ್ನುವುದಾದರೆ ನಾವು ಆ ಅಧ್ಯಯನವನ್ನು ನಂಬಿಲ್ಲ, ಇಲ್ಲವೇ ಅವರ ದೇಹವನ್ನು ನಮ್ಮ ದೇಹಕ್ಕೆ ಸಮವೆಂದು ಒಪ್ಪಿಲ್ಲ. ಎರಡರಲ್ಲಿ ಯಾವುದೆಂದು ಹೇಳುವ ಪ್ರಾಮಾಣಿಕತೆಯಾದರೂ ನಮಗಿರಬೇಕು.