ಅಂತರಗಂಗೆ ಮತ್ತು ಅಹಿಂಸೆ

ಕೆರೆಯ ಮೇಲೆ ಹಬ್ಬಿದ ಅಂತರಗಂಗೆಯನ್ನು ಕಿತ್ತೆಸೆಯುವುದು ಹಿಂಸೆಯೇ? ತಲೆಹರಟೆಯಂತೆ ಕೇಳಿಸುವ ಈ ಪ್ರಶ್ನೆ ಜೈನ ದರ್ಶನಕ್ಕೆ ತಲೆಹರಟೆಯಲ್ಲ. ಅಲ್ಲಿ ಗಿಡ ಏಕೇಂದ್ರಿಯ ಜೀವ, ನೀರಿಗೂ ಜೀವವುಂಟು. ಹಾಗೆಂದು ಗೃಹಸ್ಥ ಕೈಕಟ್ಟಿ ಕೂರಬೇಕಿಲ್ಲ. ಅಡುಗೆ, ಬೇಸಾಯ, ಆತ್ಮರಕ್ಷಣೆಗಳಲ್ಲಿ ಒದಗಿಬರುವ ಹಿಂಸೆ ಬೇರೆ, ಬೇಕೆಂದೇ ಮಾಡುವ ಕೊಲೆ ಬೇರೆ ಎಂಬ ವಿವೇಚನೆ ಅಲ್ಲಿದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವಂತೂ ಪ್ರಮಾದದಿಂದ, ಎಂದರೆ ಎಚ್ಚರಗೇಡಿತನದಿಂದ, ಪ್ರಾಣ ಕಳೆಯುವುದನ್ನೇ ಹಿಂಸೆ ಎನ್ನುತ್ತದೆ. ಈ ಅಳತೆಯಲ್ಲಿ ಕಳೆ ಕೀಳುವ ಕೈಗಿಂತ ಅದನ್ನು ಸಾಕುವ ಚರಂಡಿಯ ಪಾಪ ದೊಡ್ಡದು. ಚರಂಡಿಯನ್ನು ಬಿಟ್ಟು ವರ್ಷವರ್ಷವೂ ಕಳೆಯನ್ನಷ್ಟೇ ಕೀಳಿಸುವುದು ಆ ಪಾಪಕ್ಕೆ ಕಟ್ಟುವ ಬಡ್ಡಿ.

ಅಮೆಜಾನ್ ಕೊಳ್ಳದ ಈ ಗಿಡ ನಮ್ಮ ದೇಶಕ್ಕೆ ಬಂದದ್ದು ಹೂವಿನ ಚೆಲುವಿಗಾಗಿ. ಬಂಗಾಳದಲ್ಲಿ ಅದು ದೋಣಿಯ ದಾರಿ, ಭತ್ತದ ಗದ್ದೆಗಳನ್ನು ನುಂಗಿದ್ದಕ್ಕೆ 1936ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಪರದೇಶದ್ದೆಂಬುದೇ ಅದರ ಅಪರಾಧವೆಂದರೆ ಮೆಣಸಿನಕಾಯಿಯೂ ಅದೇ ಕಟಕಟೆಯಲ್ಲಿ ನಿಲ್ಲಬೇಕಾದೀತು. ನೋಡಬೇಕಾದದ್ದು ಅದು ಏನುಂಡು ಬೆಳೆಯುತ್ತದೆ ಎಂಬುದನ್ನು. ಮಲದ ಸಾರಜನಕ, ಸೋಪುಪುಡಿಯ ರಂಜಕ ಸಿಕ್ಕರೆ ಎರಡೇ ವಾರಗಳಲ್ಲಿ ಇಮ್ಮಡಿಯಾಗಬಲ್ಲದು. ನೀರು ಪೂರಾ ಮುಚ್ಚಿದಾಗ ಒಳಗಿನ ಸಸ್ಯಗಳಿಗೆ ಬೆಳಕಿಲ್ಲ, ಮೀನಿಗೆ ಉಸಿರಿಲ್ಲ. ಆದ್ದರಿಂದ ಮುಟ್ಟದೆ ಬಿಟ್ಟೆವೆಂದರೂ ಕೊಲೆ ನಿಲ್ಲುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಒಮ್ಮೊಮ್ಮೆ ಕೊಳಚೆಯ ಕೇಡು ಕಣ್ಣಿಗೆ ರಾಚುವುದೂ ಉಂಟು: ಬೆಂಗಳೂರಿನ ಕೊಳಚೆಯ ದೊಡ್ಡ ಪಾಲನ್ನು ಹೊತ್ತ ಬೆಳ್ಳಂದೂರು ಕೆರೆಯಲ್ಲಿ 2017ರ ಫೆಬ್ರವರಿಯಲ್ಲಿ ಬೆಂಕಿಯೇ ಎದ್ದಿತು.

ಗಿಡ ಕೊಳೆಯನ್ನು ಹೀರಿ ಉಪಕಾರ ಮಾಡುತ್ತಿದೆಯಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಹೀರುತ್ತದೆ, ನಿಜ, ಅಲ್ಲೇ ಸತ್ತು ಕೊಳೆತರೆ ಹೀರಿದ್ದನ್ನೆಲ್ಲ ಹಿಂದಕ್ಕೆ ಕೊಡುತ್ತದೆ. ಕಿತ್ತದ್ದನ್ನು ದಡದಲ್ಲೇ ರಾಶಿ ಹಾಕುವ ನಮ್ಮ ಗುತ್ತಿಗೆ ಪದ್ಧತಿಯಲ್ಲಿ ಮೊದಲ ಮಳೆಗೆ ಅದೇ ಆಗುವುದು. ಇನ್ನೊಂದು ಆಕ್ಷೇಪ ಸೂಕ್ಷ್ಮವಾದದ್ದು: ನಾವೇಕೆ ಕೊಲ್ಲಬೇಕು, ಪ್ರಕೃತಿಗೇ ಬಿಡಬಾರದೇ? 1980ರ ದಶಕದಲ್ಲಿ ಬೆಂಗಳೂರಿನ ವಿಜ್ಞಾನಿಗಳು ಈ ಗಿಡವನ್ನೇ ತಿನ್ನುವ ಮೂತಿಹುಳುಗಳನ್ನು ತರಿಸಿ ಕೆರೆಗಳಿಗೆ ಬಿಟ್ಟರು. ಕೆಲವೆಡೆ ಚೆನ್ನಾಗಿ ಫಲಿಸಿದ ಉಪಾಯ. ಆದರೆ ಜೈನರ ಲೆಕ್ಕದಲ್ಲಿ ಮಾಡಿದ್ದು, ಮಾಡಿಸಿದ್ದು, ಮೆಚ್ಚಿ ಒಪ್ಪಿದ್ದು ಮೂರಕ್ಕೂ ಹೊಣೆಯಿದೆ. ಹುಳುವಿನ ಬಾಯಿಯಿಂದ ಮಾಡಿಸಿದರೆ ನಮ್ಮ ಕೈ ತೊಳೆದಂತಾಗದು. ಮೇಲಾಗಿ ಕೊಳಚೆ ಧಾರಾಳವಾಗಿ ಹರಿಯುವ ಕಡೆ ಹುಳು ತಿನ್ನುವ ವೇಗವನ್ನು ಗಿಡ ಚಿಗುರುವ ವೇಗ ಮೀರಿಸುತ್ತದೆ. ಒಪ್ಪಿಗೆಯ ಆ ಮೂರನೆಯ ಹೊಣೆಯೇ ನಗರವಾಸಿಯದು: ಮನೆಯ ಕೊಳವೆ ಎಲ್ಲಿಗೆ ಹೋಗುತ್ತದೆಂದು ಕೇಳದೆ ನೀರು ಬಿಡುವ ಎಲ್ಲರದು.

ಚರಂಡಿ ತಿರುಗಿಸಿ ಕೊಳಚೆಯನ್ನು ಶುದ್ಧಗೊಳಿಸಿದ ಮೇಲೂ ಹೂಳಿನಲ್ಲಿ ಬೀಜಗಳು ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಆಗಲೂ ಕೀಳಬೇಕು, ದೇವನಕ್ಕಿಯೆಂಬ ನೀರುಹಕ್ಕಿ ಮೊಟ್ಟೆಯಿಡುವ ತಿಂಗಳುಗಳನ್ನು ಬಿಟ್ಟು, ಯಂತ್ರದಲ್ಲಿ ಒಂದೇ ಏಟಿಗೆ ಬಾಚದೆ, ತೆಪ್ಪದಲ್ಲಿ ಹೋಗಿ ಸ್ವಲ್ಪಸ್ವಲ್ಪವಾಗಿ. ಅದೂ ಹಿಂಸೆಯೇ. ಗೃಹಸ್ಥನಿಗೆ ಧರ್ಮ ಕೊಟ್ಟ ವಿನಾಯಿತಿಯೊಳಗೆ ಅದಕ್ಕೆ ಜಾಗವಿದೆ. ಪ್ರತಿ ವರ್ಷ ಹೊಸ ಟೆಂಡರ್ ಕರೆದು ಹಳೆಯ ಕಳೆಯನ್ನೇ ಕೀಳಿಸುವುದಕ್ಕೆ ಇಲ್ಲ.